ಟೊಂಕ ನೋವಿಗೆ 10 ಸಿಟ್ಟಿಂಗ್ ಕರೆಂಟ್ ಟ್ರೀಟ್‌ಮೆಂಟ್ ಆತು, ಇನ್ನೂ ತಗೋರಿ ಅಂತಾರ, ತಗೊಳ್ಲೋ ಬ್ಯಾಡೋ?

ಹುಬ್ಳಿ_ಟೇಲರ್:

ಎಲ್ಲಾರಿಗೂ ನಮಸ್ಕಾರ್ರಿ. ನನಗ 41 ವರ್ಷ, ಹುಬ್ಬಳ್ಳ್ಯಾಗ ಟೇಲರಿಂಗ್ ಅಂಗಡಿ ಐತಿ, ನಾನು ಮತ್ತ ಇಬ್ರು ಹುಡುಗ್ರು ಅದೇವಿ. ಮೇ ಕಡೀ ವಾರದಾಗ ಸಾಲಿ ಯೂನಿಫಾರ್ಮ್ ಆರ್ಡರ್ ಸಿಕ್ಕಾಪಟ್ಟಿ ಇದ್ವು, ದಿನಾ 11-12 ತಾಸು ಮಷಿನ್ ಮುಂದ ಕುಂತೇನಿ, ಒಂದಿನ ಮುಂಜಾನೆ ಅಂಗಡಿ ಬಾಗಲಾ ತಗದು ನೆಲದ ಮ್ಯಾಲಿದ್ದ ಬಟ್ಟಿ ಥಾನು ಎತ್ತಾಕ ಬಗ್ಗಿದ್ದಷ್ಟ ನೋಡ್ರಿ, ಟೊಂಕದಾಗ ಚಳಕ್ ಅಂತು, ಅಲ್ಲೇ ಕುಂತಬಿಟ್ಟೆ. ಹುಡುಗ್ರು ಆಟೋದಾಗ ಹಾಕ್ಕೊಂಡು ಮನೀಗೆ ಬಿಟ್ರು.

ನಾಕ್ ದಿನಕ್ಕ ಟೊಂಕ ಸ್ವಲ್ಪ ಸಡ್ಲಾತು ಆದ್ರ ಎಡಗಾಲಿಗೆ ಶುರು ಆತು, ಪಿರ್ರಿಯಿಂದ ತೊಡಿ ಹಿಂದ ಹಾಸಿ ಮೀನಖಂಡದ ತನಕ ಸೆಳತ, ಕಾಲಿನ ಹೆಬ್ಬಳ್ಳಿಗೆ ಜುಮುಜುಮು. ಕುಂತ್ರ ಜಾಸ್ತಿ, ಸೀನಿದ್ರಂತೂ ಜೀವಾ ಹೋದಂಗ ಆಗತೈತಿ, ಅಡ್ಡಾಡಿದ್ರ ತಡೀತೈತಿ. ಎಂಆರ್‌ಐ ಮಾಡಿಸಿದ್ವಿ, ಎಲ್4-ಎಲ್5 (ಟೊಂಕದ ಕೆಳಗಿನ ಎರಡು ಮಣಿ) ಡಿಸ್ಕ್ ಬಲ್ಜ್, ಅಂದ್ರ ಮಣಿ ನಡುವಿನ ಮೆತ್ತನ ಗಾದಿ ಉಬ್ಬೇತಿ, ಎಡಗಡೆ ನರ ಒತ್ತೇತಿ ಅಂತ ರಿಪೋರ್ಟಿನಾಗ ಐತಿ, ಎಲ್5-ಎಸ್1 ದಾಗೂ ಸಣ್ಣದೊಂದು ಐತಂತ. ಡಾಕ್ಟ್ರು ಗುಳಿಗಿ ಕೊಟ್ಟು ಫಿಸಿಯೋಥೆರಪಿಗೆ ಬರದುಕೊಟ್ರು. ಆರು ವಾರ ನೋಡೂಣು, ಆಗಲಿಲ್ಲಂದ್ರ ಆಪರೇಷನ್ ವಿಚಾರ ಮಾಡೂಣು ಅಂದಾರ.

ಫಿಸಿಯೋ ಸೆಂಟರಿನಾಗ ದಿನಾ ಬೋರಲ ಮಲಗಿಸಿ ಟೊಂಕಕ್ಕ ನಾಕು ಪ್ಯಾಡ್ ಹಚ್ಚಿ ಕರೆಂಟ್ ಕೊಡ್ತಾರ 20 ನಿಮಿಷ, ಐಎಫ್‌ಟಿ ಅಂತಾರ ಅದಕ್ಕ, ಆಮ್ಯಾಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡು, ಆಮ್ಯಾಲೆ ಪಟ್ಟಾ ಕಟ್ಟಿ ಮಷಿನ್ದಿಂದ ಜಗ್ಗತಾರ. ಕರೆಂಟ್ ಮುಗಿಸಿ ಎದ್ದಾಗ ಭಾಳ ಆರಾಮ ಇರತೈತಿ, ಸ್ಕೂಟರ್ ಮ್ಯಾಲೆ ಮನಿ ಮುಟ್ಟೂದ್ರಾಗ ಮತ್ತ ಅದ ಹಾಡು. ವ್ಯಾಯಾಮ ಏನೂ ಹೇಳಿಲ್ಲ, ಒಂದು ಝೆರಾಕ್ಸ್ ಕಾಗದಾ ಕೊಟ್ಟಾರ, ಅದ್ರಾಗ ಅಂಗಾತ ಮಲ್ಕೊಂಡು ಮೊಣಕಾಲು ಎದಿಗೆ ಹಚ್ಚೂದು ಐತಿ, ಎರಡು ದಿನ ಮಾಡಿದೆ, ಕಾಲಿನ ಸೆಳತ ಜಾಸ್ತಿ ಆತು, ಬಿಟ್ಟೆ. ಸಿಟ್ಟಿಂಗಿಗೆ 400 ರೂಪಾಯಿ, 15ರ ಪ್ಯಾಕೇಜ್ ರೊಕ್ಕ ಮುಂಗಡ ಕೊಟ್ಟೇನಿ, 10 ಮುಗದ್ವು, ಮುಂದಿನ ಪ್ಯಾಕೇಜೂ ಈಗ ತಗೊಂಡ್ರ ಕಡಿಮಿ ಮಾಡ್ತೇವಿ ಅನ್ನಾಕತ್ತಾರ. ಮಾವಾರು ನರ ತಿಕ್ಕವ್ರ ಕಡೆ ಕರಕೊಂಡು ಹೋಗ್ತೇನಿ ಅಂತಾರ. ಏನ್ ಮಾಡ್ಲಿ, ತಿಳದವ್ರು ಹೇಳ್ರಿ.


ಸುಮ್ನಿರೋ_ಸಿದ್ದ:

ಬ್ರೋ ಇದೆಲ್ಲ ಏನೂ ಬೇಡ, ಸೊಂಟಕ್ಕೆ ಒಳ್ಳೆ ಬೆಲ್ಟ್ ತಗೊಂಡು ಹಲಗೆ ಮೇಲೆ ಚಾಪೆ ಹಾಸ್ಕೊಂಡು 15 ದಿನ ಕಂಪ್ಲೀಟ್ ಬೆಡ್ ರೆಸ್ಟ್ ಮಾಡಿ. ನಮ್ಮಪ್ಪಂಗೆ ಹಂಗೇ ಸರಿ ಹೋಗಿದ್ದು. ಕರೆಂಟ್ ಟ್ರೀಟ್‌ಮೆಂಟ್ ಕೂಡ ಕಂಟಿನ್ಯೂ ಮಾಡಿ, ನನಗೆ ಕುತ್ತಿಗೆಗೆ ಚೆನ್ನಾಗೇ ವರ್ಕ್ ಆಗಿತ್ತು.


ಫಿಸಿಯೋ_ಮೈಸೂರು:

ನಾನು ಮೈಸೂರಲ್ಲಿ ಫಿಸಿಯೋಥೆರಪಿಸ್ಟು, ಈ ಕೆಲಸಕ್ಕೆ ಬಂದು 14 ವರ್ಷ ಆಯ್ತು. ಇಲ್ಲಿ ಕೂತ್ಕೊಂಡು ನಿಮ್ಮ ಕಾಲು ಮುಟ್ಟಿ ನೋಡಕ್ಕಾಗಲ್ಲ ಸರ್, ಹಾಗಾಗಿ ನಾನು ಹೇಳೋದನ್ನ ಆ ಲೆಕ್ಕದಲ್ಲೇ ತಗೊಳ್ಳಿ. ಆದ್ರೆ ನೀವು ಬರೆದಿರೋದನ್ನ ಓದ್ತಾ ಒಂದು ಕಡೆ ನಿಂತ್ಬಿಟ್ಟೆ. ಬೋರಲು ಮಲಗಿಸಿ 20 ನಿಮಿಷ ಕರೆಂಟ್ ಕೊಟ್ಟಾಗ ಆರಾಮ, ಸ್ಕೂಟರ್ ಮೇಲೆ ಕೂತಾಗ ನೋವು, ಮೊಣಕಾಲು ಎದೆಗೆ ತಂದಾಗ ಜಾಸ್ತಿ, ನಡೆದಾಗ ಕಮ್ಮಿ. ನಿಮಗೆ ಆರಾಮ ಕೊಟ್ಟಿದ್ದು ಕರೆಂಟಾ, ಇಲ್ಲಾ ಬೋರಲು ಮಲಗಿದ್ದಾ?

ತಮಾಷೆಗೆ ಕೇಳ್ತಿಲ್ಲ. ನಮ್ಮ ಫೀಲ್ಡಲ್ಲಿ ಒಂದು ಹಳೇ ಕಥೆ ಇದೆ. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಅನ್ನೋ ಫಿಸಿಯೋಥೆರಪಿಸ್ಟ್ ಹತ್ರ ನಿಮ್ಮ ಥರಾನೇ ಕಾಲಿಗೆ ಇಳಿದಿರೋ ನೋವು ಇದ್ದೋನು ಒಬ್ಬ ಬರ್ತಿದ್ದ, ವಾರಗಟ್ಟಲೆ ಟ್ರೀಟ್‌ಮೆಂಟ್ ಆದ್ರೂ ಏನೂ ಬದಲಾವಣೆ ಇರ್ಲಿಲ್ಲ. ಒಂದಿನ ಇವರು ಒಳಗೆ ಹೋಗಿ ಬೋರಲು ಮಲಕ್ಕೊಳ್ಳಪ್ಪ, ಬರ್ತೀನಿ ಅಂದ್ರು. ಹಿಂದಿನ ಪೇಶೆಂಟಿಗೋಸ್ಕರ ಆ ಟೇಬಲ್ಲಿನ ತಲೆ ಕಡೆ ಎತ್ತರಿಸಿ ಇಟ್ಟಿದ್ರಂತೆ, ಅದನ್ನ ಇಳಿಸದೇ ಈ ಮನುಷ್ಯ ಹಂಗೇ ಅದರ ಮೇಲೆ ಬೋರಲು ಬಿದ್ಕೊಂಡಿದ್ದಾನೆ, ಅಂದ್ರೆ ಸೊಂಟ ಹಿಂದಕ್ಕೆ ಬಿಲ್ಲು ಥರ ಬಗ್ಗಿದೆ. ಆ ಕಾಲದಲ್ಲಿ ಡಿಸ್ಕ್ ನೋವಿಗೆ ಇದು ಮಹಾಪರಾಧ. ಮೆಕೆಂಜಿ ಬಂದು ನೋಡಿ ಗಾಬರಿ ಆದ್ರೆ ಆತ ಹೇಳ್ತಾನೆ, ಇಷ್ಟು ದಿನದಲ್ಲಿ ಇವತ್ತೇ ಆರಾಮಾಗಿರೋದು, ಕಾಲಿನ ನೋವೇ ಹೋಗಿದೆ ಅಂತ. ಅಲ್ಲಿಂದ ಹುಟ್ಟಿದ್ದು ಮೆಕೆಂಜಿ ಪದ್ಧತಿ. ಅದರ ತಿರುಳು ಇಷ್ಟೇ, ಸುಮಾರು ಜನರ ಬೆನ್ನಿಗೆ ಒಂದು 'ದಿಕ್ಕು' ಇರತ್ತೆ, ಆ ಕಡೆ ಬಗ್ಗಿದ್ರೆ ನೋವು ಹಿಂದೆ ಸರಿಯತ್ತೆ, ಉಲ್ಟಾ ಬಗ್ಗಿದ್ರೆ ಕೆಳಗೆ ಇಳಿಯತ್ತೆ.

ನಿಮ್ಮ ದಿಕ್ಕು ಯಾವುದು ಅಂತ ನೋಡೋದು ಕಷ್ಟ ಏನಲ್ಲ. ಅದಕ್ಕಿಂತ ಮುಂಚೆ ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೀರಿ, ಆಮೇಲೆ ತುದಿಗಾಲಲ್ಲಿ ಹತ್ತು ಹೆಜ್ಜೆ. ಎಡಪಾದ ಎತ್ತಕ್ಕಾಗದೆ ಪಟ್ ಅಂತ ಬೀಳ್ತಿದ್ರೆ ಇದನ್ನೆಲ್ಲ ಬಿಟ್ಟು ಅವತ್ತೇ ಡಾಕ್ಟ್ರಿಗೆ ತೋರಿಸಿ. ಬೀಳ್ದಿದ್ರೆ ಗಟ್ಟಿ ನೆಲದ ಮೇಲೆ ಚಾಪೆ ಹಾಸಿ ಬೋರಲು ಎರಡು ಮೂರು ನಿಮಿಷ ಸುಮ್ನೆ ಮಲಗಿ. ಪರ್ವಾಗಿಲ್ಲ ಅನ್ನಿಸಿದ್ರೆ ಮೊಣಕೈ ಊರಿ ಎದೆ ಎತ್ತಿ ಇನ್ನೆರಡು ನಿಮಿಷ, ನಾವು ಚಿಕ್ಕೋರಿದ್ದಾಗ ಬೋರಲು ಬಿದ್ಕೊಂಡು ಕಾಮಿಕ್ಸ್ ಓದ್ತಿದ್ವಲ್ಲ ಆ ಥರ. ಅದೂ ತಡೆದ್ರೆ ಎರಡೂ ಅಂಗೈ ಊರಿ ಕೈ ನೆಟ್ಟಗೆ ಮಾಡ್ತಾ ಮೇಲೆದ್ದು ಇಳಿಯೋದು, ಸೊಂಟ ಮತ್ತೆ ಪಿರ್ರೆ ಸಡಿಲ ಬಿಡಬೇಕು, ಎತ್ತೋ ಕೆಲಸ ಪೂರ್ತಿ ಕೈದೇ. ನೋಡಕ್ಕೆ ಭುಜಂಗಾಸನದ ಥರ ಇರತ್ತೆ ಆದ್ರೆ ಅದರಲ್ಲಿ ಬೆನ್ನಿನ ಸ್ನಾಯು ಬಿಗಿ ಹಿಡೀತೀವಿ, ಇದರಲ್ಲಿ ಬಿಡ್ತೀವಿ. ಹತ್ತು ಸಲ ಮಾಡಿ ಕಾಲಿನ ನೋವು ಎಲ್ಲಿದೆ ನೋಡಿ. ಮೀನಖಂಡದಿಂದ ತೊಡೆಗೆ, ತೊಡೆಯಿಂದ ಪಿರ್ರೆಗೆ ಅಂತ ಮೇಲಕ್ಕೆ ಹತ್ತಿದ್ರೆ ಅದು ಒಳ್ಳೇ ಸೂಚನೆ, ಸೊಂಟದ ನಡುವೆ ನೋವು ಸ್ವಲ್ಪ ಜಾಸ್ತಿ ಆದ್ರೂ ಹೆದರ್ಬೇಡಿ. ಕೆಳಕ್ಕೆ ಪಾದದ ಕಡೆ ಇಳಿದ್ರೆ ಅಲ್ಲಿಗೇ ನಿಲ್ಲಿಸಿ, ಈ ದಿಕ್ಕು ನಿಮ್ದಲ್ಲ. ನಿಮ್ದೇ ಆದ್ರೆ ಎರಡು ಮೂರು ಗಂಟೆಗೊಮ್ಮೆ ಹತ್ತತ್ತು ಸಲ ಮಾಡ್ಬೇಕು, ಬೆಳಿಗ್ಗೆ ಒಂದು ಸಲ ಮಾಡಿ ಬಿಡೋದಲ್ಲ. ಇಡೀ ದಿನ ಬಗ್ಗಿ ಹೊಲೀತಾ ಕೂತು ಒಂದೇ ಒಂದು ಸಲ ಹಿಂದಕ್ಕೆ ಬಗ್ಗಿದ್ರೆ ಲೆಕ್ಕ ಎಲ್ಲಿಗೆ ಸರಿ ಹೋಗತ್ತೆ ಹೇಳಿ.

ಇನ್ನು ಮಷಿನ್ ವಿಚಾರ, ನಮ್ಮೋರೇ ಬೈಕೋಬಹುದು, ಬೈಕೊಳ್ಳಲಿ. ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಮಾಡೋ ನೈಸ್ ಸಂಸ್ಥೆ 2016ರಲ್ಲೇ ಸೊಂಟ ನೋವಿಗೆ ಟ್ರ್ಯಾಕ್ಷನ್ (ಪಟ್ಟಿ ಕಟ್ಟಿ ಎಳೆಯೋದು), ಅಲ್ಟ್ರಾಸೌಂಡ್, ಟೆನ್ಸ್ (ಇದೂ ಪ್ಯಾಡ್ ಅಂಟಿಸಿ ಕೊಡೋ ಕರೆಂಟೇ), ಐಎಫ್‌ಟಿ, ಬೆಲ್ಟು ಯಾವುದೂ ಕೊಡಬೇಡಿ ಅಂತ ಬರೆದಿದೆ. ದೀರ್ಘಕಾಲದ ಸೊಂಟ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಲ್ಲಿ ಮಾಡಿದ ಮಾರ್ಗಸೂಚಿಯಲ್ಲೂ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್, ಟೆನ್ಸ್, ಬೆಲ್ಟು ಬೇಡ ಅಂತಲೇ ಇದೆ, ಬೇಕು ಅಂದಿರೋದು ವ್ಯಾಯಾಮ, ತಿಳುವಳಿಕೆ ಕೊಡೋದು, ಕೈಯಿಂದ ಮಾಡೋ ಕೆಲವು ಚಿಕಿತ್ಸೆ, ಮಸಾಜು ಇಂಥವು. ಹಂಗಾದ್ರೆ ಎಲ್ಲಾ ಕಡೆ ಮಷಿನ್ ಯಾಕಿದೆ? ಒಬ್ಬ ಥೆರಪಿಸ್ಟು, ಆರು ಬೆಡ್ಡು, ಪ್ಯಾಡ್ ಅಂಟಿಸಿ ಟೈಮರ್ ಇಟ್ರೆ ಆರು ಜನಾನೂ ಒಟ್ಟಿಗೆ ನೋಡಬಹುದು. ವ್ಯಾಯಾಮ ಕಲಿಸಕ್ಕೆ ಒಬ್ಬರಿಗೆ ಅರ್ಧ ಗಂಟೆ ಪಕ್ಕದಲ್ಲೇ ನಿಲ್ಲಬೇಕು. ಪೇಶೆಂಟೂ ಸುಮ್ನಿರಲ್ಲ, ನಾನು ಬರೀ ವ್ಯಾಯಾಮ ಹೇಳಿ ಕಳಿಸಿದ್ರೆ 'ಏನ್ ಮೇಡಂ ಇವತ್ತು ಕರೆಂಟೇ ಕೊಡ್ಲಿಲ್ಲ' ಅಂತ ಮುಖ ಸಪ್ಪೆ ಮಾಡ್ಕೊಂಡು ಹೋಗ್ತಾರೆ. ನೋವು ತೀರಾ ಜೋರಿದ್ದಾಗ ಒಂದೆರಡು ದಿನ ನಾನೂ ಕೊಡ್ತೀನಿ, ಸ್ವಲ್ಪ ಹೊತ್ತು ನೋವು ಮಂದ ಆಗತ್ತೆ, ಆ ಟೈಮಲ್ಲಿ ವ್ಯಾಯಾಮ ಮಾಡಿಸಬಹುದು ಅಂತ. ಅದೇ ಟ್ರೀಟ್‌ಮೆಂಟ್ ಅಂತ ಅಂದ್ಕೊಂಡ್ರೆ ಆಗಲ್ಲ. ಮನೇಲಿ ಬಿಸಿನೀರಿನ ಚೀಲ ಇಟ್ಕೊಂಡ್ರೂ ಆ ಹೊತ್ತಿನ ಆರಾಮ ಸಿಗತ್ತೆ.

@ಸುಮ್ನಿರೋ_ಸಿದ್ದ, 15 ದಿನ ಹಲಗೆ ಮೇಲೆ ಮಲಗಿಸೋದನ್ನ ದಯವಿಟ್ಟು ಯಾರಿಗೂ ಹೇಳ್ಬೇಡಿ. 1986ರಲ್ಲೇ ಅಮೆರಿಕಾದಲ್ಲಿ ಎರಡು ದಿನ ರೆಸ್ಟ್ ಮತ್ತೆ ಏಳು ದಿನ ರೆಸ್ಟ್ ಅಂತ ಎರಡು ಗುಂಪು ಮಾಡಿ ನೋಡಿದ್ರು, ಏಳು ದಿನ ಮಲಗಿದೋರಿಗೆ ಹೆಚ್ಚಿಗೆ ಲಾಭ ಏನೂ ಆಗ್ಲಿಲ್ಲ, ಎರಡು ದಿನದೋರು 45% ಕಮ್ಮಿ ರಜಾ ಹಾಕಿದ್ರು. ನಿಮ್ಮ ತಂದೆಯೋರಿಗೆ ಸರಿ ಹೋಗಿದ್ದು ಮಲಗಿದ್ದಕ್ಕೆ ಅಲ್ಲ, ಹೊಸದಾಗಿ ಬಂದ ಸೊಂಟ ನೋವು ಬಹಳ ಜನಕ್ಕೆ ಆರು ವಾರದೊಳಗೆ ತಾನಾಗೇ ಇಳಿಯತ್ತೆ. ಆ ಟೈಮಲ್ಲಿ ಯಾರು ಏನು ಕೊಟ್ಟಿರ್ತಾರೋ ಅವರಿಗೇ ಕ್ರೆಡಿಟ್ಟು, ಬೆಲ್ಟಿಗೂ ಸಿಗತ್ತೆ, ನರ ತಿಕ್ಕೋರಿಗೂ ಸಿಗತ್ತೆ, ನಮಗೂ ಸಿಗತ್ತೆ ಬಿಡಿ.


ಸುಮ್ನಿರೋ_ಸಿದ್ದ:

ಸರಿ ಮೇಡಂ ಒಪ್ಕೊಂಡೆ. ಆದ್ರೆ ಎಂಆರ್‌ಐನಲ್ಲಿ ಡಿಸ್ಕ್ ಆಚೆ ಬಂದಿದೆ ಅಂತ ಕಣ್ಣಿಗೆ ಕಾಣ್ತಿರುವಾಗ ನೆಲದ ಮೇಲೆ ಹಾವಿನ ಥರ ಏಳೋದು ಇಳಿಯೋದು ಮಾಡಿ ಅಂದ್ರೆ ಇನ್ನೂ ಆಚೆ ಬರಲ್ವಾ? ಲಾಜಿಕ್ ಹೇಳಿ.


ಫಿಸಿಯೋ_ಮೈಸೂರು:

ಒಳ್ಳೇ ಪ್ರಶ್ನೆ. ನೋವೇ ಇಲ್ಲದೋರ ಬೆನ್ನು ಸ್ಕ್ಯಾನ್ ಮಾಡಿದ್ರೆ ಏನು ಕಾಣತ್ತೆ ಅಂತ 33 ಅಧ್ಯಯನ ಒಟ್ಟುಗೂಡಿಸಿ 2015ರಲ್ಲಿ ಪ್ರಕಟ ಮಾಡಿದ್ರು, 3110 ಜನ, ಒಬ್ಬರಿಗೂ ಸೊಂಟ ನೋವಿಲ್ಲ. 20 ವರ್ಷದೋರಲ್ಲಿ 30% ಜನಕ್ಕೆ ಬಲ್ಜ್ ಇತ್ತು, 40ರ ವಯಸ್ಸಿಗೆ 50%, 80ಕ್ಕೆ 84%. ಅಂದ್ರೆ ಟೇಲರ್ ಸರ್ ವಯಸ್ಸಿನ ಹತ್ತು ಜನ ಆರಾಮಾಗಿ ಓಡಾಡ್ಕೊಂಡಿರೋರನ್ನ ಮಷಿನ್ ಒಳಗೆ ಮಲಗಿಸಿದ್ರೆ ಐದು ಜನರ ರಿಪೋರ್ಟಲ್ಲಿ ಬಲ್ಜ್ ಅಂತ ಬರತ್ತೆ. ನಮ್ಮ ತಲೆ ಕೂದಲು ನೆರೆದ ಹಾಗೆ ಡಿಸ್ಕೂ ನೆರೆಯತ್ತೆ. ಹಾಗಂತ ಇವರ ರಿಪೋರ್ಟ್ ಸುಳ್ಳು ಅಂತಲ್ಲ, ಎಲ್4-ಎಲ್5 ಹತ್ರ ಒತ್ತೋದು ಎಲ್5 ನರ, ಅದು ಹೋಗೋದು ಹೆಬ್ಬೆರಳ ಕಡೆಗೇ, ಜುಮುಜುಮು ಅಲ್ಲೇ ಬಂದಿದೆ, ತಾಳೆ ಆಗತ್ತೆ. ಎಲ್5-ಎಸ್1ದು ಮಾತ್ರ ಬಹುಶಃ ಹಳೇದು, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಇನ್ನೂ ಆಚೆ ಬರತ್ತಾ ಅಂದ್ರೆ, ಆಚೆ ಬಂದ ಡಿಸ್ಕಿನ ಭಾಗವನ್ನ ಮೈ ತಾನಾಗೇ ಕರಗಿಸಿಕೊಳ್ಳತ್ತೆ, ಬಹಳ ಜನರಲ್ಲಿ ತಿಂಗಳುಗಳು ಕಳೆದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದ್ರೆ ಚಿಕ್ಕದಾಗಿರತ್ತೆ ಅಥವಾ ಇರೋದೇ ಇಲ್ಲ. ಡಿಸ್ಕು ಸೋಪಿನ ಬಿಲ್ಲೆ ಅಲ್ಲ ಜಾರಿ ಬಿದ್ದೋಗಕ್ಕೆ, ಅದು ಮೂಳೆಗೆ ಬೆಸೆದುಕೊಂಡಿರತ್ತೆ. 'ಡಿಸ್ಕ್ ಜಾರಿದೆ' ಅನ್ನೋ ಮಾತೇ ಅರ್ಧ ಜನರನ್ನ ಹಾಸಿಗೆ ಹಿಡಿಸತ್ತೆ.


ಸಾಗರದ_ಕಡೆಯವ:

ಒಂದ್ ನಿಮಿಷ ಮಾರಾಯ್ರೆ, ಎಲ್ಲರೂ ಓದಿ ಇವತ್ತೇ ಹಿಂದಕ್ಕೆ ಬಗ್ಗಕ್ಕೆ ಶುರು ಮಾಡ್ಬೇಡಿ, ನಮ್ಮ ಅಮ್ಮಂದು ಪೂರ್ತಿ ಉಲ್ಟಾ ಕೇಸು. ಅಮ್ಮಂಗೆ 67. ಮೆಟ್ಟುಗತ್ತಿ ಮುಂದೆ ಬಗ್ಗಿ ಕೂತು ಬೆಳಿಗ್ಗೆಯಿಂದ ಅಡಿಕೆ ಸುಲಿದ್ರೂ ಸೊಂಟಕ್ಕೆ ಏನೂ ಇಲ್ಲ, ಆದ್ರೆ ಮನೆಯಿಂದ ತೋಟಕ್ಕೆ ನೂರಿನ್ನೂರು ಹೆಜ್ಜೆ ನಡೆದ್ರೆ ಎರಡೂ ಕಾಲು ಸೋತು ಭಾರ ಆಗಿ ಎಲ್ಲಾದ್ರೂ ಕೂರ್ಲೇಬೇಕು, ಕೂತು ಎರಡು ನಿಮಿಷಕ್ಕೆ ಸರಿ. ಸೊಂಟ ನೋವು ಅಂದ್ಮೇಲೆ ಎಲ್ಲಾ ಒಂದೇ ಅಂತ ನಾನೇ ಯೂಟ್ಯೂಬ್ ನೋಡಿ ದಿನಾ ಭುಜಂಗಾಸನ ಮಾಡಿಸಿದೆ, ಒಂದು ವಾರಕ್ಕೆ ನಿಂತ್ಕೊಂಡು ದೋಸೆ ಹುಯ್ಯಕ್ಕೂ ಆಗ್ದಂಗೆ ಆಯ್ತು, ಬೈಸ್ಕೊಂಡೆ. ಆಮೇಲೆ ಶಿವಮೊಗ್ಗದಲ್ಲಿ ತೋರಿಸಿದ್ರೆ ಬೆನ್ನುಹುರಿ ಹೋಗೋ ದಾರಿನೇ ವಯಸ್ಸಿಗೆ ಸಣ್ಣ ಆಗಿದೆ, ಸ್ಟೆನೋಸಿಸ್ ಅಂದ್ರು. ಅಲ್ಲಿಯ ಫಿಸಿಯೋ ಕೊಟ್ಟಿದ್ದು ಮೊಣಕಾಲು ಎದೆಗೆ ತರೋದು, ಕುರ್ಚಿ ಮೇಲೆ ಕೂತು ಕೈ ನೆಲಕ್ಕೆ ಬಿಡೋದು, ಮತ್ತೆ ನಿಂತ ಜಾಗದ ಸೈಕಲ್ಲು. ಟೇಲರ್ ಅಣ್ಣಂಗೆ ನೋವು ಜಾಸ್ತಿ ಮಾಡಿದ ಅದೇ ವ್ಯಾಯಾಮ ನೋಡಿ! ಈಗ ಕೈಯಲ್ಲಿ ಊರುಗೋಲು ಹಿಡ್ಕೊಂಡು ಸ್ವಲ್ಪ ಮುಂದೆ ಬಾಗಿ ತೋಟದ ತುದಿವರೆಗೂ ಹೋಗಿ ಬರ್ತಾರೆ, ಕೊಳೆ ಔಷಧಿ ಹೊಡೆಯೋರಿಗೆ ಜೋರು ಮಾಡಕ್ಕೆ.


ಫಿಸಿಯೋ_ಮೈಸೂರು:

ಇದನ್ನ ನಾನೇ ಮೊದ್ಲು ಬರೀಬೇಕಿತ್ತು, ಥ್ಯಾಂಕ್ಸ್. ಮುಂದಕ್ಕೆ ಬಾಗಿದ್ರೆ ಆ ದಾರಿ ಸ್ವಲ್ಪ ಅಗಲ ಆಗತ್ತೆ, ಹಿಂದಕ್ಕೆ ಬಗ್ಗಿದ್ರೆ ಕಿರಿದಾಗತ್ತೆ, ಅದಕ್ಕೇ ವಯಸ್ಸಾದೋರು ಸೂಪರ್‌ಮಾರ್ಕೆಟಲ್ಲಿ ತಳ್ಳೋಗಾಡಿ ಮೇಲೆ ಒರಗಿಕೊಂಡು ಎಷ್ಟು ದೂರ ಬೇಕಾದ್ರೂ ನಡೀತಾರೆ, ಬರಿಗೈಲಿ ನಡೆಯಕ್ಕಾಗಲ್ಲ. ಒಂದೇ ಝೆರಾಕ್ಸ್ ಕಾಗದ ಎಲ್ಲರಿಗೂ ಹಂಚೋದು ತಪ್ಪು ಅನ್ನೋದು ಇದಕ್ಕೇ.


ಡಿಪೋ_ನಂ_3:

ನಾನು ಬಸ್ ಡ್ರೈವರ್, ಸೊಂಟ ನೋವು ನಮ್ಮ ಡಿಪೋದಲ್ಲಿ ಯಾರಿಗಿಲ್ಲ ಕೇಳಿ. ಹೇಳಕ್ಕೆ ಬಂದಿದ್ದು ಬೇರೆ. ನಮ್ಮ ಚಿಕ್ಕಪ್ಪಂಗೆ ಮೂರು ತಿಂಗಳು ಸೊಂಟಕ್ಕೆ ಶಾಖ, ಎಣ್ಣೆ, ಕರೆಂಟು ಎಲ್ಲಾ ಮಾಡಿಸಿದ್ವಿ. ಸಾಯಂಕಾಲ ಆದ್ರೆ ಸಣ್ಣಗೆ ಜ್ವರ, ರಾತ್ರಿ ಮಲಗಿದ್ರೂ ನೋವು ಬಿಡ್ತಿರ್ಲಿಲ್ಲ, ಪ್ಯಾಂಟು ಸೊಂಟದಲ್ಲಿ ನಿಲ್ತಿರ್ಲಿಲ್ಲ ಅಷ್ಟು ಇಳಿದು ಹೋಗಿದ್ರು, ವಯಸ್ಸು, ಟೆನ್ಶನ್ ಅಂತ ಸುಮ್ನಿದ್ವಿ. ಕೊನೆಗೆ ನೋಡಿದ್ರೆ ಬೆನ್ನುಮೂಳೆಗೆ ಟಿಬಿ. ಮಾತ್ರೆ ಕೋರ್ಸ್ ಪೂರ್ತಿ ಮಾಡಿ ಈಗ ಚೆನ್ನಾಗಿದಾರೆ ಆದ್ರೆ ಬೆನ್ನು ಸ್ವಲ್ಪ ಗೂನು ಉಳ್ಕೊಂಡ್ತು. ಜ್ವರ, ತೂಕ ಇಳಿಯೋದು ಇದ್ರೆ ಫಿಸಿಯೋಗೆ ಹೋಗೋ ಮೊದ್ಲು ರಕ್ತ ಟೆಸ್ಟ್ ಮಾಡಿಸ್ರಪ್ಪ.


ಫಿಸಿಯೋ_ಮೈಸೂರು:

ಸರ್ ಹೇಳಿದ್ದನ್ನ ಎಲ್ಲರೂ ಎರಡು ಸಲ ಓದಿ. ಇನ್ನೂ ಒಂದಿದೆ, ಇದಂತೂ ಗಂಟೆಗಳ ಲೆಕ್ಕ: ಸೈಕಲ್ ಸೀಟಿಗೆ ತಾಗೋ ಜಾಗ ಮರಗಟ್ಟೋದು, ಉಚ್ಚೆ ಬಂದ್ರೂ ಹೋಗಕ್ಕಾಗದೆ ಕಟ್ಟಿಕೊಳ್ಳೋದು ಅಥವಾ ಗೊತ್ತಿಲ್ದೆ ಹೋಗೋದು, ಎರಡೂ ಕಾಲು ಸೋಲೋದು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲೇ ಒತ್ತಿಕೊಂಡಿರತ್ತೆ, ರಾತ್ರಿ ಎರಡು ಗಂಟೆ ಆಗಿದ್ರೂ ಎಮರ್ಜೆನ್ಸಿಗೆ ಹೋಗ್ಬೇಕು, ಬೆಳಿಗ್ಗೆ ನೋಡೋಣ ಅನ್ನೋ ಹಂಗಿಲ್ಲ. ಮುಂಚೆ ಕ್ಯಾನ್ಸರ್ ಆಗಿದ್ದೋರು, ಬಹಳ ದಿನ ಸ್ಟೀರಾಯ್ಡ್ ತಗೊಂಡೋರು, ಜಾರಿ ಬಿದ್ದ ವಯಸ್ಸಾದ ಹೆಂಗಸರು, ಇವರೂ ಮೊದ್ಲು ಡಾಕ್ಟ್ರ ಹತ್ರಾನೇ ಹೋಗ್ಬೇಕು.


ಲೆಸ್ಟರ್_ಹಾಸನ:

ಮೂಲ ಹಾಸನ, ಈಗ ಇಂಗ್ಲೆಂಡಿನ ಲೆಸ್ಟರಲ್ಲಿ ಗೋಡೌನ್ ಕೆಲಸ. ಎರಡು ವರ್ಷದ ಹಿಂದೆ ನಂಗೂ ಹೀಗೇ ಆಗಿತ್ತು. ಇಲ್ಲಿ ಜಿಪಿ, ಅಂದ್ರೆ ಮೊದ್ಲು ತೋರಿಸೋ ನಮ್ಮ ಏರಿಯಾ ಡಾಕ್ಟ್ರು, ಎಂಆರ್‌ಐ ಬರೀಲೇ ಇಲ್ಲ, ನಾನು ಕೋಪ ಮಾಡ್ಕೊಂಡು ಊರಿಗೆ ಬಂದು ಮಾಡಿಸ್ತೀನಿ ಅಂತ ಹೊರಟಿದ್ದೆ. ಫಿಸಿಯೋ ಅಪಾಯಿಂಟ್‌ಮೆಂಟಿಗೇ ಐದು ವಾರ ಕಾಯ್ಬೇಕಾಯ್ತು. ಹೋದ್ರೆ ಒಂಬತ್ತು ಪ್ರಶ್ನೆ ಇರೋ ಫಾರಂ ಕೊಟ್ರು, ಕೀಲ್ ಯೂನಿವರ್ಸಿಟಿಯವರು ಮಾಡಿರೋದಂತೆ, ಅದರಲ್ಲಿ ಅರ್ಧಕ್ಕರ್ಧ ಮನಸ್ಸಿನ ವಿಚಾರ, 'ಈ ನೋವು ಯಾವತ್ತೂ ಹೋಗಲ್ಲ ಅನ್ಸತ್ತಾ' ಆ ಥರದ್ದು. ನಾನು ಎಲ್ಲಕ್ಕೂ ಹೌದು ಅಂತ ಟಿಕ್ ಹಾಕಿದ್ದೆ. ಮಷಿನ್ ಅನ್ನೋದು ಆ ರೂಮಲ್ಲಿ ಇರ್ಲೇ ಇಲ್ಲ ಮಾರಾಯ, ಒಂದು ಬೆಂಚು, ಒಂದು ಮೆಟ್ಟಿಲು, ಒಂದು ಡಬ್ಬ. ಮೂರನೇ ಸಲ ಹೋದಾಗ ಆ ಡಬ್ಬದೊಳಗೆ 5 ಕೆಜಿ ಹಾಕಿ ಎತ್ತು ಅಂದ್ಲು. ನಾನು ಆರು ವಾರದಿಂದ ಹಾಲಿನ ಕ್ಯಾನೂ ಎತ್ತಿರ್ಲಿಲ್ಲ, ಹೆಂಡ್ತಿನೇ ಶೂ ಲೇಸ್ ಕಟ್ತಿದ್ಲು, ಕೈ ನಡುಗ್ತಿತ್ತು. ಎತ್ತಿದೆ, ಏನೂ ಆಗ್ಲಿಲ್ಲ. ಅವತ್ತು ಬಸ್ಸಲ್ಲಿ ಮನೆಗೆ ಬರ್ತಾ ಅಳು ಬಂತು, ನಾಚಿಕೆ ಬಿಟ್ಟು ಹೇಳ್ತಿದೀನಿ. ಈಗ 20 ಕೆಜಿ ಎತ್ತುತೀನಿ.


ಹುಬ್ಳಿ_ಟೇಲರ್:

ಎಲ್ಲಾರಿಗೂ ಧನ್ಯವಾದ್ರಿ, ಎರಡು ವಾರ ಆದಮ್ಯಾಲೆ ಬರ್ಯಾಕತ್ತೇನಿ. ಹಿಮ್ಮಡಿ ಮ್ಯಾಲೆ ನಡದೆ, ಪಾದ ಏನ್ ಬೀಳಲಿಲ್ಲ. ಅವತ್ತ ರಾತ್ರಿ ಬೋರಲ ಮಲಗಿ ಕೈ ಊರಿ ಎದ್ದೆ, ಮೊದಲ ನಾಕು ಸಲ ಟೊಂಕ ಹಿಡದಂಗಾತು, ಎಂಟು ಒಂಬತ್ತು ಆಗೂದ್ರಾಗ ಮೀನಖಂಡದ ಸೆಳತ ಹೋಗಿ ತೊಡಿಗೆ ಬಂದಿತ್ತು! ನಂಬಿಕಿ ಬರಲಿಲ್ಲ, ನಮ್ಮಾಕಿನ್ನ ಕರದು ಇಲ್ಲಿ ಒತ್ತು ಅಲ್ಲಿ ಒತ್ತು ಅಂತ ನೋಡಿಸಿದೆ. ಆಮ್ಯಾಲೆ ಅಂಗಡ್ಯಾಗ ಕಟಿಂಗ್ ಟೇಬಲ್ ಹಿಂದ ಲೈನಿಂಗ್ ಬಟ್ಟಿ ಹಾಸಿ ಎರಡೆರಡು ತಾಸಿಗೆ ಮಾಡಾಕತ್ತೇನಿ. ಬ್ಲೌಸ್ ಅಳತಿ ಕೊಡಾಕ ಬಂದ ಒಬ್ಬ ಅಕ್ಕಾರು ಟೇಬಲ್ ಹಿಂದ ನಾನು ಮಲಗಿದ್ದು ನೋಡಿ ಹೌಹಾರಿ ಹೊರಗ ಓಡಿದ್ರು, ಹುಡುಗ್ರು ನಕ್ಕಿದ್ದ ನಕ್ಕಿದ್ದು.

ಈಗ ಮೀನಖಂಡದಾಗ ಏನೂ ಇಲ್ಲ, ಹೆಬ್ಬಳ್ಳಿನ ಜುಮುಜುಮು ಸ್ವಲ್ಪ ಐತಿ, ನೋವು ಪಿರ್ರಿ ತನಕ ಅಷ್ಟ. ಕಟಿಂಗ್ ಟೇಬಲ್ ಕಾಲಿಗೆ ಒಂದೊಂದು ಇಟ್ಟಿಗಿ ಇಟ್ಟೇನಿ, ಬಗ್ಗೂದು ಕಡಿಮಿ ಆತು. ಮುಂಜಾನೆ ಎದ್ದ ಕೂಡ್ಲೆ ಮಾತ್ರ ಮುಖಾ ತೊಳ್ಯಾಕ ಬಗ್ಗಿದ್ರ ಮತ್ತ ಚಳಕ್ ಅಂತೈತಿ, ಯಾಕ ಹಂಗ? ಮತ್ತ ಥಾನು ಯಾವಾಗ ಎತ್ತಬಹುದು? ಡಾಕ್ಟ್ರಿಗೆ ಆಪರೇಷನ್ ಬ್ಯಾಡಂತ ಹೇಳ್ಲೇನು?


ಫಿಸಿಯೋ_ಮೈಸೂರು:

ಓದಿ ಖುಷಿ ಆಯ್ತು ಸರ್, ಆ ಅಕ್ಕೋರಿಗೆ ಮಾತ್ರ ನನ್ನ ಪರವಾಗಿ ಸಾರಿ ಹೇಳ್ಬಿಡಿ.

ಬೆಳಿಗ್ಗೆದು ಯಾಕಂದ್ರೆ, ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರ್ಕೊಂಡು ಉಬ್ಬಿರತ್ತೆ, ನಾವೆಲ್ಲ ಬೆಳಿಗ್ಗೆ ಒಂದು ಸೆಂಟಿಮೀಟರಿನಷ್ಟು ಎತ್ತರ ಇರ್ತೀವಿ, ಸಂಜೆ ಹೊತ್ತಿಗೆ ಇಳೀತೀವಿ. ತುಂಬಿದ ಬಲೂನು ಬಗ್ಗಿಸಿದ ಹಾಗೆ, ಎದ್ದ ಕೂಡ್ಲೆ ಬಗ್ಗಿದ್ರೆ ಡಿಸ್ಕಿಗೆ ಜಾಸ್ತಿ ಒತ್ತಡ. ನಿಮಗೆ ಮೊದಲ ಸಲ ಆಗಿದ್ದೂ ಬೆಳಿಗ್ಗೆ ಅಂಗಡಿ ತೆಗೆದ ಕೂಡ್ಲೆ ಅಲ್ವಾ. ಎದ್ದ ಮೇಲೆ ಒಂದು ಗಂಟೆ ಬಗ್ಗೋ ಕೆಲಸ ಇಟ್ಕೋಬೇಡಿ, ಮುಖ ತೊಳೆಯೋವಾಗ ಒಂದು ಕೈ ಬೇಸಿನ್ ಮೇಲೆ ಊರಿ.

ಆಪರೇಷನ್ ಬಗ್ಗೆ ನಾನು ಬೇಡ ಅಂತ ಹೇಳಲ್ಲ, ಡಾಕ್ಟ್ರಿಗೆ ಈ ಎರಡು ವಾರದ ಬದಲಾವಣೆ ಹೇಳಿ, ಅವರೇ ಇನ್ನೂ ಕಾಯೋಣ ಅಂತಾರೆ ಅನ್ಸತ್ತೆ. ನೆದರ್ಲೆಂಡ್ಸಲ್ಲಿ ಕಾಲಿಗೆ ಇಳಿದ ತೀವ್ರ ನೋವಿದ್ದ 283 ಜನರನ್ನ ಎರಡು ಗುಂಪು ಮಾಡಿ ನೋಡಿದ್ರು, 2007ರಲ್ಲಿ ಬಂತು ಅದು. ಬೇಗ ಆಪರೇಷನ್ ಆದೋರಿಗೆ ಕಾಲಿನ ನೋವು ಬೇಗ ಇಳೀತು, ನಿಜ, ಆದ್ರೆ ಒಂದು ವರ್ಷ ಆಗೋವಾಗ ಎರಡೂ ಗುಂಪಲ್ಲಿ 95% ಜನ ಚೇತರಿಸ್ಕೊಂಡಿದ್ರು. ಇನ್ನೊಂದು ಮಾತೂ ಹೇಳ್ಬೇಕು, ಕಾದ ಗುಂಪಲ್ಲಿ 39% ಜನ ತಡಿಯಕ್ಕಾಗದೆ ವರ್ಷದೊಳಗೇ ಆಪರೇಷನ್ ಮಾಡಿಸ್ಕೊಂಡ್ರು. ಪಾದ ಸೋಲ್ತಾ ಹೋದ್ರೆ ಮಾತ್ರ ಕಾಯೋ ಮಾತೇ ಇಲ್ಲ.

ಇನ್ನು ಥಾನು. ನೋವು ಇಳಿಸೋದು ಒಂದು ಕೆಲಸ, ಬೆನ್ನು ಗಟ್ಟಿ ಮಾಡೋದು ಇನ್ನೊಂದು, ಬಹಳ ಜನ ಮೊದಲನೇದು ಮುಗಿದ ಕೂಡ್ಲೆ ಕೈ ಬಿಡ್ತಾರೆ. ಅಂಗಾತ ಮಲಗಿ ಮೊಣಕಾಲು ಮಡಚಿ ಪಿರ್ರೆ ಎತ್ತೋದು, ಅಂಬೆಗಾಲಲ್ಲಿ ನಿಂತು ಎಡಗೈ ಬಲಗಾಲು ಒಟ್ಟಿಗೆ ಚಾಚೋದು ಆಮೇಲೆ ಬದಲಿಸೋದು, ಒಂದು ಮಗ್ಗುಲಲ್ಲಿ ಮೊಣಕೈ ಮೇಲೆ ಸೊಂಟ ಎತ್ತಿ ಹಿಡಿಯೋದು, ಇವನ್ನ ಈಗ ಶುರು ಮಾಡಬಹುದು, ಹತ್ತು ಸೆಕೆಂಡಿನ ಲೆಕ್ಕದಲ್ಲಿ. ಕಾಲಿನ ನೋವು ಕೆಳಗಿಳಿದ್ರೆ ನಿಲ್ಲಿಸಿ. ಆಮೇಲೆ ಎತ್ತೋದು ಕಲೀಬೇಕು: ಗೋಡೆಗೆ ಬೆನ್ನು ಮಾಡಿ ಒಂದಡಿ ಮುಂದೆ ನಿಂತು ಪಿರ್ರೆಯಿಂದ ಗೋಡೆ ಮುಟ್ಟಕ್ಕೆ ಹೋಗಿ, ಮೊಣಕಾಲು ಸ್ವಲ್ಪ ಮಡಚಿರತ್ತೆ, ಬೆನ್ನು ನೆಟ್ಟಗೇ ಇರತ್ತೆ. ಆ ಮಡಿಕೆ ಬರೋದು ತೊಡೆಸಂದಿಯಿಂದ, ಸೊಂಟದಿಂದ ಅಲ್ಲ. ಖಾಲಿ ಕೈಲಿ ಒಂದು ವಾರ, ಆಮೇಲೆ 5 ಲೀಟರ್ ನೀರಿನ ಕ್ಯಾನು, ಆಮೇಲೆ 10, ಎರಡು ಮೂರು ತಿಂಗಳಿಗೆ 20 ಲೀಟರ್ ಕ್ಯಾನು ಎತ್ತೋ ಹಂಗಾಗ್ಬೇಕು. ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ 30 ಕೆಜಿ ಬರತ್ತೆ, ಅದನ್ನ ಸದ್ಯ ಹುಡುಗರಿಗೆ ಬಿಡಿ. ಥಾನು ನೆಲದ ಮೇಲೆ ಇಡೋದನ್ನ ಇವತ್ತಿಂದಲೇ ನಿಲ್ಲಿಸಿ, ಸೊಂಟದ ಎತ್ತರಕ್ಕೆ ಒಂದು ಹಲಗೆ ಹೊಡಿಸಿ.

ಮತ್ತೆ ನಡಿಗೆ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವು ಬಂದು ವಾಸಿಯಾದ 701 ಜನರ ಮೇಲೆ ಮಾಡಿದ ಅಧ್ಯಯನ 2024ರಲ್ಲಿ ಬಂತು, ಒಂದು ಗುಂಪಿಗೆ ನಿಧಾನಕ್ಕೆ ಹೆಚ್ಚಿಸ್ಕೊಂಡು ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯೋ ಹಂಗೆ ಹೇಳ್ಕೊಟ್ರು, ಇನ್ನೊಂದಕ್ಕೆ ಏನೂ ಇಲ್ಲ. ನಡೆದೋರಲ್ಲಿ ಅರ್ಧ ಜನಕ್ಕೆ ನೋವು ಮರುಕಳಿಸಕ್ಕೆ 208 ದಿನ ಹಿಡೀತು, ಉಳಿದೋರಲ್ಲಿ ಅರ್ಧ ಜನಕ್ಕೆ 112. ಹುಬ್ಬಳ್ಳೀಲಿ ಉಣಕಲ್ ಕೆರೆ ಇದೆಯಲ್ಲ, ಹೋಗಿ ಬನ್ನಿ ಸಂಜೆ.


ಹುಬ್ಳಿ_ಟೇಲರ್:

ಉಣಕಲ್ ಕೆರಿ ನಮ್ಮ ಮನಿಗೆ ದೂರ ಆಗತೈತ್ರಿ ಮೇಡಮ್ಮರ, ಅಂಗಡೀಗೆ ನಡಕೋತ ಹೋಗಾಕ ಚಾಲೂ ಮಾಡ್ತೇನಿ, 25 ನಿಮಿಷದ ದಾರಿ, ಸ್ಕೂಟರೂ ತಪ್ಪತೈತಿ. ಮಾವಾರಿಗೆ ನರ ತಿಕ್ಕವ್ರು ಬ್ಯಾಡಂತ ಹೇಳೇನಿ, ಸಿಟ್ಟಾಗ್ಯಾರ. ಕಡೀ ಪ್ರಶ್ನಾ, ಆ ಸೆಂಟರಿನ್ಯಾಗ ಇನ್ನೂ 5 ಸಿಟ್ಟಿಂಗಿನ 2000 ರೂಪಾಯಿ ಉಳದೈತಿ, ವಾಪಸ್ ಕೇಳಿದ್ರ ಕೊಡ್ತಾರೇನ್ರಿ?


ಫಿಸಿಯೋ_ಮೈಸೂರು:

ಕೇಳಿ ನೋಡಿ. ಕೊಡಲ್ಲ ಅಂದ್ರೆ ಆ ಐದೂ ಸಿಟ್ಟಿಂಗಿಗೆ ಹೋಗಿ, ಪ್ಯಾಡ್ ಬೇಡ, ಪಕ್ಕದಲ್ಲಿ ನಿಂತು ಇವಿಷ್ಟು ವ್ಯಾಯಾಮ ಸರಿಯಾಗಿ ಮಾಡ್ತಿದೀನಾ ನೋಡಿ ಅಂತ ಹೇಳಿ. ಅಲ್ಲಿ ಕೆಲಸ ಮಾಡೋ ಹುಡುಗ ಹುಡುಗೀರೂ ಇದನ್ನೇ ಓದಿ ಬಂದಿರ್ತಾರೆ, ಕೇಳೋರಿಲ್ಲ ಅಷ್ಟೇ.


ಸುಮ್ನಿರೋ_ಸಿದ್ದ:

ಮೇಡಂ ಇಲ್ಲೇ ಒಂದು ಡೌಟು, ಕುತ್ತಿಗೆಗೂ ಹಿಂಗೇ ದಿಕ್ಕು ಗಿಕ್ಕು ಅಂತ ಇರತ್ತಾ? ನಂದು ಮತ್ತೆ ಶುರು ಆಗಿದೆ 🙏